ಕೈ ಹಿಂದೆ ಸರಿಯುವ ಎರಡು ಬಗೆ

*ದಿನದ ಚಿಂತನೆ*
*ಧಮ್ಮ ಅಧ್ಯಯನ ಬಳಗ, ರಾವಂದೂರು*





ಪಟಿಚ್ಚಸಮುಪ್ಪಾದದ ಪಾಠ ನಡೆಯುವಾಗಲೆಲ್ಲ ಒಂದು ಪ್ರಶ್ನೆ ಬರುತ್ತದೆ. ಸ್ಪರ್ಶದಿಂದ ವೇದನೆ ಹುಟ್ಟುತ್ತದೆ, ವೇದನೆಯಿಂದ ತೃಷ್ಣೆ ಹುಟ್ಟುತ್ತದೆ ಎಂದು ಭಗವಾನ್ ಬುದ್ಧರು ತಿಳಿಸಿದ್ದಾರೆ. ಹಾಗಾದರೆ ಒಲೆ ಮೇಲಿನ ಪಾತ್ರೆ ಮುಟ್ಟಿದ ಕೂಡಲೇ ಕೈ ತಟ್ಟನೆ ಹಿಂದೆ ಬರುತ್ತದಲ್ಲ, ಅದೂ ತೃಷ್ಣೆಯೇ? ಅದನ್ನೂ ಗೆಲ್ಲಬೇಕೇ? ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಇರುತ್ತದೆ. ಯಾರಾದರೂ ನಮ್ಮನ್ನು ಕೀಳಾಗಿ ಕಂಡಾಗ ಮೈಯೆಲ್ಲ ಉರಿಯುತ್ತದೆ. ಆಗಲೂ ಸುಮ್ಮನೆ ಆ ವೇದನೆಯನ್ನು ನೋಡುತ್ತಾ ಕೂರಬೇಕೇ?

ಎರಡೂ ಒಳ್ಳೆಯ ಪ್ರಶ್ನೆಗಳು. ಉತ್ತರ ಹುಡುಕಲು ಮೊದಲು ನಮ್ಮ ಮೈಯೊಳಗೆ ನರಗಳು ಹೇಗೆ ಕೆಲಸ ಮಾಡುತ್ತವೆ ಎಂದು ತಿಳಿಯಬೇಕು. ಬಾಬಾಸಾಹೇಬರು ನಮಗೆ ಕೊಟ್ಟದ್ದು ವಿಜ್ಞಾನಕ್ಕೆ ಹೆದರುವ ಧಮ್ಮವಲ್ಲ. ಆದ್ದರಿಂದ ಇವತ್ತು ವಿಜ್ಞಾನದ ಪಾಠ ಮತ್ತು ಧಮ್ಮದ ಪಾಠ ಎರಡನ್ನೂ ಒಟ್ಟಿಗೆ ಓದೋಣ. ಸ್ವಲ್ಪ ಉದ್ದವಿದೆ, ಬಿಡುವು ಮಾಡಿಕೊಂಡು ಓದಿ.

*1. ಮೆದುಳಿಗೆ ಸುದ್ದಿ ಮುಟ್ಟುವ ಮೊದಲು*

ನಮ್ಮ ಪಿರಿಯಾಪಟ್ಟಣ, ಹುಣಸೂರು ಸೀಮೆಯಲ್ಲಿ ಹೊಗೆಸೊಪ್ಪಿನ ಬ್ಯಾರನ್ ನೋಡದವರು ಇಲ್ಲ. ಹೊರಗೆ ಸೌದೆ ಉರಿಯುತ್ತದೆ. ಒಳಗೆ ಬಿಸಿ ಹೊಗೆ ಹರಿಯುವ ಕಬ್ಬಿಣದ ಕೊಳವೆ ಕಾದಿರುತ್ತದೆ. ಒಳಗೆ ಹೋದವರ ಕೈ ಅಪ್ಪಿತಪ್ಪಿ ಆ ಕೊಳವೆಗೆ ತಾಗಿತು ಎನ್ನಿ. "ಅಯ್ಯೋ ಬಿಸಿ" ಎನ್ನುವ ಮೊದಲೇ ಕೈ ಹಿಂದೆ ಬಂದಿರುತ್ತದೆ. ಅದನ್ನು ಎಳೆದುಕೊಂಡವರು ಯಾರು? ನಾವು ಯೋಚನೆ ಮಾಡಿ ಎಳೆದುಕೊಂಡಿಲ್ಲ. ಯೋಚನೆಗೆ ಸಮಯವೇ ಇರಲಿಲ್ಲ.

ನಡೆದದ್ದು ಇಷ್ಟು. ಚರ್ಮದಲ್ಲಿ ನೋವನ್ನು, ಬಿಸಿಯನ್ನು ಗುರುತಿಸುವ ನರದ ತುದಿಗಳಿವೆ. ಅವು ಎದ್ದು ಸುದ್ದಿ ಕಳಿಸುತ್ತವೆ. ಸುದ್ದಿ ಸಂವೇದನಾ ನರದ ಮೂಲಕ ತೋಳು ದಾಟಿ, ಕುತ್ತಿಗೆ ಹತ್ತಿರ ಬೆನ್ನುಹುರಿಗೆ ಬರುತ್ತದೆ. ಬೆನ್ನುಹುರಿ ಎಂದರೆ ಬೆನ್ನುಮೂಳೆಯ ಒಳಗಿರುವ, ಸುಮಾರು 45 ಸೆಂಟಿಮೀಟರ್ ಉದ್ದದ ನರಗಳ ಹುರಿ. ಅದು ಬರೀ ತಂತಿಯಲ್ಲ, ಸಣ್ಣಪುಟ್ಟ ತೀರ್ಮಾನಗಳನ್ನು ಅಲ್ಲೇ ತೆಗೆದುಕೊಳ್ಳುತ್ತದೆ. ಸುದ್ದಿ ಬಂದ ಕೂಡಲೇ ಕ್ರಿಯಾವಾಹಿ ನರಗಳಿಗೆ ಆಜ್ಞೆ ಹೊರಡುತ್ತದೆ. ತೋಳಿನ ಮುಂದಿನ ಸ್ನಾಯು ಬಿಗಿಯಾಗುತ್ತದೆ, ಹಿಂದಿನ ಸ್ನಾಯು ಸಡಿಲಾಗುತ್ತದೆ, ಕೈ ಮಡಚಿಕೊಳ್ಳುತ್ತದೆ. ಮೆದುಳಿಗೂ ಅದೇ ಸುದ್ದಿಯ ಒಂದು ಪ್ರತಿ ಹೋಗುತ್ತಿರುತ್ತದೆ. ಆದರೆ ಅಲ್ಲಿ "ನೋವು" ಎಂದು ಅರಿವಾಗುವ ಹೊತ್ತಿಗೆ ಕೈ ಬಚಾವಾಗಿರುತ್ತದೆ. ಇದನ್ನೇ ಹತ್ತನೇ ತರಗತಿಯ ಮಕ್ಕಳು ಪರಾವರ್ತಿತ ಕ್ರಿಯೆ ಎಂದು ಓದುತ್ತಾರೆ. ರಿಫ್ಲೆಕ್ಸ್ ಅಂತಲೂ ಅನ್ನುತ್ತೇವೆ.

ಗದ್ದೆ ಬದುವಿನ ಮೇಲೆ ಬರಿಗಾಲಲ್ಲಿ ಹೋಗುವಾಗ ಮುಳ್ಳು ಚುಚ್ಚಿದರೆ ಇನ್ನೂ ಒಂದು ಸೊಗಸು ಕಾಣುತ್ತದೆ. ಚುಚ್ಚಿದ ಕಾಲು ಮೇಲೆ ಏಳುತ್ತದೆ. ಅದೇ ಕ್ಷಣದಲ್ಲಿ ಇನ್ನೊಂದು ಕಾಲು ನೆಟ್ಟಗೆ ಬಿಗಿಯಾಗಿ ಇಡೀ ಮೈಭಾರ ಹೊರುತ್ತದೆ. ಇಲ್ಲದಿದ್ದರೆ ನಾವು ಮುಗ್ಗರಿಸಿ ಬೀಳುತ್ತಿದ್ದೆವು. ಒಂದು ಕಾಲಿಗೆ ನೋವಾದರೆ ಇನ್ನೊಂದು ಕಾಲು ಕೇಳದೆಯೇ ಭಾರ ಹೊರುತ್ತದೆ. ಎರಡಕ್ಕೂ ಬೆನ್ನುಹುರಿ ಒಂದೇ.

ಸುದ್ದಿ ಸಾಗುವ ವೇಗವೂ ಒಂದೇ ಸಮ ಇಲ್ಲ. ಚುರುಕಾದ ನೋವನ್ನು ಒಯ್ಯುವ ನರದ ಎಳೆಗಳು ಸೆಕೆಂಡಿಗೆ 5ರಿಂದ 30 ಮೀಟರ್ ವೇಗದಲ್ಲಿ ಸುದ್ದಿ ಮುಟ್ಟಿಸುತ್ತವೆ. ಇನ್ನೊಂದು ಬಗೆಯ ತೆಳು ಎಳೆಗಳದ್ದು ಸೆಕೆಂಡಿಗೆ ಹೆಚ್ಚೆಂದರೆ 2 ಮೀಟರ್. ಅದಕ್ಕೇ ಕಲ್ಲಿಗೆ ಕಾಲು ಎಡವಿದಾಗ ಮೊದಲು ಚುರ್ರೆನ್ನುತ್ತದೆ, ಆಮೇಲೆ ಸಾವಕಾಶವಾಗಿ ಜುಮುಗುಡುವ ನೋವು ಬರುತ್ತದೆ.

ಈಗ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. ಬಿಸಿಗೆ ಕೈ ಹಿಂದೆ ಬರುವುದು ತೃಷ್ಣೆಯಲ್ಲ. ಅದರಲ್ಲಿ ಆಸೆಯೂ ಇಲ್ಲ, ದ್ವೇಷವೂ ಇಲ್ಲ. ಅದು ಮೈ ತನ್ನನ್ನು ತಾನು ಕಾಯುವ ಕೆಲಸ. ಧ್ಯಾನ ಮಾಡಿ ಅದನ್ನು ನಿಲ್ಲಿಸುವ ಅಗತ್ಯವಿಲ್ಲ.

*2. ಮುದ್ದೆ ಕಟ್ಟುವ ಕೈ*

ಆದರೆ ಪಾಠ ಇಲ್ಲಿಗೆ ಮುಗಿಯುವುದಿಲ್ಲ. ಬಿಸಿ ಬಿಸಿ ಹಿಟ್ಟಿನಿಂದ ಮುದ್ದೆ ಕಟ್ಟುವ ನಮ್ಮ ಅಕ್ಕತಂಗಿಯರ ಕೈ ನೋಡಿ. ಕೈಗೆ ನೀರು ಹಚ್ಚಿಕೊಂಡು, ಹಬೆ ಏಳುವ ಹಿಟ್ಟನ್ನು ಉರುಳಿಸುತ್ತಾರೆ. ಮಗುವಿನ ಕೈ ಆಗಿದ್ದರೆ ಕ್ಷಣದಲ್ಲಿ ಹಿಂದೆ ಬರುತ್ತಿತ್ತು. ಅದೇ ರೀತಿ, ಬಿಸಿ ಸಾರಿನ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಇಳಿಸುವಾಗ ಬಟ್ಟೆ ಜಾರಿ ಬೆರಳು ಸುಟ್ಟರೂ, ಪಕ್ಕದಲ್ಲಿ ಮಗು ಆಡುತ್ತಿದ್ದರೆ ತಾಯಿ ಪಾತ್ರೆ ಕೈಬಿಡುವುದಿಲ್ಲ. ಹಲ್ಲು ಕಚ್ಚಿ ನೆಲಕ್ಕೆ ಇಳಿಸಿಯೇ ಬಿಡುತ್ತಾಳೆ.

ಇಲ್ಲಿ ರಿಫ್ಲೆಕ್ಸ್ ಸತ್ತುಹೋಗಿಲ್ಲ. ಮೆದುಳಿನಿಂದ ಕೆಳಕ್ಕೆ ಇಳಿಯುವ ನರಗಳು ಬೆನ್ನುಹುರಿಗೆ "ಸ್ವಲ್ಪ ತಡಿ" ಎಂದು ಹೇಳಿವೆ. ಪಾತ್ರೆ ಬಿಸಿ ಎಂದು ಮೊದಲೇ ಗೊತ್ತಿತ್ತು, ಮಗು ಪಕ್ಕದಲ್ಲಿದೆ ಎಂಬ ಅರಿವಿತ್ತು. ಅರಿವು ಇದ್ದಲ್ಲಿ ರಿಫ್ಲೆಕ್ಸ್ ಕೂಡ ಮಾತು ಕೇಳುತ್ತದೆ. ಅರಿವಿನ ಹಿಂದೆ ಕರುಣೆ ಇದ್ದರೆ ಇನ್ನೂ ಚೆನ್ನಾಗಿ ಕೇಳುತ್ತದೆ.

ಉಸಿರೂ ಹಾಗೆಯೇ. ನಿದ್ದೆಯಲ್ಲಿ ಯಾರೂ ಹೇಳದೆ ಉಸಿರಾಟ ನಡೆಯುತ್ತದೆ. ಮೆದುಳಿನ ಕಾಂಡ ಅದನ್ನು ನೋಡಿಕೊಳ್ಳುತ್ತದೆ. ಎಚ್ಚರವಾಗಿದ್ದಾಗ ನಾವು ಬೇಕೆಂದರೆ ಅದನ್ನು ನಿಧಾನ ಮಾಡಬಹುದು, ಒಂದು ಕ್ಷಣ ಹಿಡಿಯಬಹುದು. ತಾನಾಗಿ ನಡೆಯುವುದಕ್ಕೂ ನಾವು ನಡೆಸುವುದಕ್ಕೂ ನಡುವೆ ಇರುವ ಬಾಗಿಲು ಉಸಿರು. ಆನಾಪಾನಸತಿಯಲ್ಲಿ ಅಲ್ಲಿಂದಲೇ ಶುರು ಮಾಡುವುದು ಏಕೆ ಎಂದು ಇದರಿಂದ ಅರ್ಥವಾಗುತ್ತದೆ.

*3. ವೇದನೆಗೆ ಕಾರಣ ಇದೆ*

ಕನ್ನಡದಲ್ಲಿ ವೇದನೆ ಎಂದರೆ ನೋವು. ಧಮ್ಮದಲ್ಲಿ ಆ ಪದಕ್ಕೆ ಅರ್ಥ ಇನ್ನೂ ಅಗಲ. ಹಿತವಾದದ್ದು, ಅಹಿತವಾದದ್ದು, ಎರಡೂ ಅಲ್ಲದ್ದು, ಮೂರೂ ವೇದನೆಯೇ. ಈ ವೇದನೆ ಎಲ್ಲಿಂದ ಬರುತ್ತದೆ?

ಸಂಯುತ್ತ ನಿಕಾಯದಲ್ಲಿ ಮೋಳಿಯ ಸೀವಕ ಎಂಬ ಪರಿವ್ರಾಜಕ ಭಗವಾನರನ್ನು ಇದೇ ವಿಷಯ ಕೇಳುತ್ತಾನೆ. ಮನುಷ್ಯ ಅನುಭವಿಸುವುದೆಲ್ಲ ಹಿಂದೆ ಮಾಡಿದ ಕರ್ಮದ ಫಲ ಎಂದು ಕೆಲವರು ಹೇಳುತ್ತಾರಲ್ಲ, ನಿಮ್ಮ ಅಭಿಪ್ರಾಯ ಏನು ಎಂದು. ಭಗವಾನರು ಅದನ್ನು ಒಪ್ಪುವುದಿಲ್ಲ. ಪಿತ್ತ, ಕಫ, ವಾತ, ಹವಾಮಾನದ ಬದಲಾವಣೆ, ಮೈಯನ್ನು ಸರಿಯಾಗಿ ನೋಡಿಕೊಳ್ಳದಿರುವುದು, ಬೇರೆಯವರ ಪೆಟ್ಟು, ಹೀಗೆ ಹಲವು ಕಾರಣಗಳನ್ನು ಎಣಿಸುತ್ತಾರೆ. ಕರ್ಮದ ಫಲ ಆ ಪಟ್ಟಿಯಲ್ಲಿ ಒಂದು ಮಾತ್ರ. ಎಲ್ಲವನ್ನೂ ಹಿಂದಿನ ಕರ್ಮಕ್ಕೆ ಕಟ್ಟುವವರು ತಮ್ಮ ಅನುಭವವನ್ನೂ ಲೋಕ ಒಪ್ಪಿದ ಸತ್ಯವನ್ನೂ ಮೀರಿ ಮಾತಾಡುತ್ತಾರೆ ಎನ್ನುತ್ತಾರೆ. "ನಿನ್ನ ಜನ್ಮದ ಪಾಪ" ಎಂಬ ಮಾತನ್ನು ತಲೆಮಾರುಗಳಿಂದ ಕೇಳಿಸಿಕೊಂಡ ನಮಗೆ ಇದು ಎಷ್ಟು ದೊಡ್ಡ ಮಾತು ಎಂದು ಬೇರೆ ಹೇಳಬೇಕಿಲ್ಲ.

ನಮ್ಮ ಹೊಲದಲ್ಲೇ ಇದಕ್ಕೆ ಉದಾಹರಣೆ ಇದೆ. ಮಳೆಗಾಲದಲ್ಲಿ, ಇಬ್ಬನಿ ಆರುವ ಮೊದಲೇ ಹಸಿ ಹೊಗೆಸೊಪ್ಪು ಮುರಿಯಲು ಹೋದವರಿಗೆ ಕೆಲವು ಗಂಟೆಗಳ ನಂತರ ತಲೆ ಸುತ್ತುತ್ತದೆ, ಹೊಟ್ಟೆ ತೊಳಸುತ್ತದೆ, ವಾಂತಿಯಾಗುತ್ತದೆ. "ಗಾಳಿ ಸೋಕಿದೆ, ದೃಷ್ಟಿಯಾಗಿದೆ" ಎಂದು ತಾಯತ ಕಟ್ಟಿಸುವವರಿದ್ದಾರೆ. ನಿಜವಾದ ಕಾರಣ ನಿಕೋಟಿನ್. ಎಲೆಯ ಮೇಲಿನ ನೀರಿನಲ್ಲಿ ಅದು ಕರಗಿ, ಒದ್ದೆಯಾದ ಚರ್ಮದ ಮೂಲಕ ರಕ್ತಕ್ಕೆ ಸೇರುತ್ತದೆ. ನರದಿಂದ ನರಕ್ಕೆ ಸುದ್ದಿ ದಾಟಿಸಲು ನಮ್ಮ ಮೈ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬಳಸುತ್ತದೆ. ಆ ಬೀಗಕ್ಕೆ ನಿಕೋಟಿನ್ ಕಳ್ಳ ಕೀಲಿಯಂತೆ ಹೊಂದಿಕೊಳ್ಳುತ್ತದೆ. ಇಲ್ಲದ ಸುದ್ದಿಯನ್ನು ನರಗಳಲ್ಲಿ ಹರಿಸುತ್ತದೆ. ಅದರಿಂದಲೇ ತಲೆಸುತ್ತು, ವಾಂತಿ. ಎಲೆ ಒಣಗಿದ ಮೇಲೆ ಮುರಿಯುವುದು, ಪೂರ್ತಿ ತೋಳಿನ ಅಂಗಿ ಮತ್ತು ಕೈಗವಸು ಹಾಕುವುದು, ಒದ್ದೆ ಬಟ್ಟೆ ಬದಲಿಸುವುದು, ಕೆಲಸ ಮುಗಿದ ಕೂಡಲೇ ಸೋಪು ಹಚ್ಚಿ ಕೈ ತೊಳೆಯುವುದು, ಇವು ತಾಯತಕ್ಕಿಂತ ಮೇಲು. ವಾಂತಿ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಬೇಕು, ಹೊಗೆಸೊಪ್ಪಿನ ಕೆಲಸ ಮಾಡಿದ್ದನ್ನು ವೈದ್ಯರಿಗೆ ಹೇಳಬೇಕು.

ಇನ್ನೊಂದು ಉದಾಹರಣೆ ಅಡುಗೆಮನೆಯದ್ದು. ಹಸಿಮೆಣಸಿನಕಾಯಿ ಹೆಚ್ಚಿದ ಕೈ ಬೆಂಕಿ ತಾಗಿದಂತೆ ಉರಿಯುತ್ತದೆ. ಅಲ್ಲಿ ಬೆಂಕಿ ಇಲ್ಲ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೆ ತೆರೆಯುವ ಒಂದು ಬಾಗಿಲು ನರದ ತುದಿಯಲ್ಲಿದೆ, ಮೆಣಸಿನಕಾಯಿಯ ಖಾರವೂ ಅದೇ ಬಾಗಿಲನ್ನು ತೆರೆಯುತ್ತದೆ. ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೂ, ಒತ್ತಡ ಮತ್ತು ಸ್ಪರ್ಶವನ್ನು ಗುರುತಿಸುವ ಬಾಗಿಲನ್ನು ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್ ಅವರಿಗೂ 2021ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ವೇದನೆ ಇದೆ ಎಂದರೆ ಕಾರಣ ಇದೆ. ಕಾರಣ ತೆಗೆದರೆ ವೇದನೆ ಹೋಗುತ್ತದೆ. ಇದೇ ಪಟಿಚ್ಚಸಮುಪ್ಪಾದ.

*4. ಹುಟ್ಟುವಾಗ ಇಲ್ಲದ ರಿಫ್ಲೆಕ್ಸ್*

ಈಗ ಮುಖ್ಯ ವಿಷಯಕ್ಕೆ ಬರೋಣ. ಬಿಸಿಗೆ ಹಿಂದೆ ಬರುವ ಕೈ ಒಂದು ಬಗೆ. ನಾವು ನೋಡಿರುವ ಇನ್ನೊಂದು ಬಗೆ ಇದೆ. ಅಂಗಡಿಯಲ್ಲಿ ಚಿಲ್ಲರೆಯನ್ನು ನಮ್ಮ ಕೈಗೆ ಕೊಡದೆ ಹಲಗೆ ಮೇಲೆ ಇಟ್ಟು ತಟ್ಟನೆ ಹಿಂದೆ ಸರಿಯುವ ಕೈ. ನೀರನ್ನು ಎತ್ತರದಿಂದ ಸುರಿಯುವ ಕೈ. ಹೋಟೆಲಿನಲ್ಲಿ ಬೇರೆ ಲೋಟ ಇಟ್ಟ ಕೈ. ಗೊತ್ತಿಲ್ಲದೆ ಮೈ ತಾಗಿದರೆ ಬೆಂಕಿ ತಾಗಿದಂತೆ ಹಾರುವ ಮೈ.

ನೋಡಲು ಎರಡೂ ಒಂದೇ ತರಹ. ಅಷ್ಟೇ ವೇಗ, ಅಷ್ಟೇ ಯೋಚನೆ ಇಲ್ಲದ ಚಲನೆ. ಹೀಗಾಗಿಯೇ "ಅದು ನಮಗೆ ರಕ್ತದಲ್ಲೇ ಬಂದದ್ದು, ಏನು ಮಾಡೋಕಾಗುತ್ತೆ" ಎಂದು ಕೆಲವರು ಹೇಳುತ್ತಾರೆ. ಆ ಮಾತು ನಿಜವೇ? ನರಗಳನ್ನೇ ಕೇಳೋಣ.

ಚರ್ಮದಲ್ಲಿ ಹಗುರ ಸ್ಪರ್ಶಕ್ಕೆ ಗ್ರಾಹಕಗಳಿವೆ. ಒತ್ತಡಕ್ಕೆ ಇವೆ, ಕಂಪನಕ್ಕೆ ಇವೆ, ಚರ್ಮ ಎಳೆದಾಗ ತಿಳಿಸುವುದಕ್ಕೆ ಇವೆ, ತಂಪಿಗೆ, ಬಿಸಿಗೆ, ನೋವಿಗೆ ಇವೆ. ಜಾತಿಗೆ ಇಲ್ಲ. ಕಣ್ಣು ಕಟ್ಟಿ ಹತ್ತು ಜನರ ಕೈ ಮುಟ್ಟಿಸಿದರೆ ಒರಟು ಯಾವುದು, ಮೆತ್ತಗೆ ಯಾವುದು, ಬೆವರಿದ್ದು ಯಾವುದು ಎಂದು ಚರ್ಮ ಹೇಳಬಲ್ಲದು. ಯಾರು ಯಾವ ಕೇರಿಯವರು ಎಂದು ಹೇಳಲಾರದು. ಆ ಸುದ್ದಿಯನ್ನು ಒಯ್ಯುವ ನರವೇ ಮನುಷ್ಯನ ಮೈಯಲ್ಲಿ ಇಲ್ಲ.

ಇನ್ನೊಂದು ಸಾಕ್ಷಿ ಹಸುಗೂಸು. ಈಗ ತಾನೇ ಹುಟ್ಟಿದ ಮಗುವಿನ ಅಂಗೈಗೆ ಬೆರಳು ಇಟ್ಟರೆ ಅದು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಇದು ಹುಟ್ಟಿನಿಂದ ಬಂದ ಹಿಡಿತದ ರಿಫ್ಲೆಕ್ಸ್. ಐದಾರು ತಿಂಗಳಲ್ಲಿ ತಾನಾಗಿ ಮರೆಯಾಗುತ್ತದೆ. ಆ ಮಗು ಯಾರ ಬೆರಳು ಎಂದು ಕೇಳುವುದಿಲ್ಲ. ನಮ್ಮ ಸೀಮೆಯಲ್ಲಿ ಎಷ್ಟೋ ಊರುಗಳಲ್ಲಿ ಸೂಲಗಿತ್ತಿಯಾಗಿ ದುಡಿದವರು ನಮ್ಮ ಕೇರಿಯ ಅಜ್ಜಿಯರು. ಮೇಲು ಎನಿಸಿಕೊಂಡ ಮನೆಗಳ ಮಕ್ಕಳು ಲೋಕದಲ್ಲಿ ಮೊದಲು ಹಿಡಿದದ್ದು ಅವರ ಬೆರಳನ್ನು. ಮನುಷ್ಯ ಹಿಡಿಯುವ ರಿಫ್ಲೆಕ್ಸ್ ಹೊತ್ತು ಹುಟ್ಟುತ್ತಾನೆ. ಮುಟ್ಟದಿರುವುದನ್ನು ಆಮೇಲೆ ಕಲಿಸಲಾಗುತ್ತದೆ.

ಕಲಿಸುವುದು ಹೇಗೆ? ರಷ್ಯಾದ ವಿಜ್ಞಾನಿ ಇವಾನ್ ಪಾವ್ಲೋವ್ ಇದನ್ನು ನಾಯಿಗಳಲ್ಲಿ ತೋರಿಸಿದರು. ಆಹಾರ ಕಂಡಾಗ ನಾಯಿಗೆ ಜೊಲ್ಲು ಸುರಿಯುವುದು ಹುಟ್ಟುಗುಣ. ಆಹಾರ ಕೊಡುವ ಮೊದಲು ಪ್ರತಿಸಲ ಒಂದು ಸದ್ದು ಕೇಳಿಸಿದರೆ, ಕೆಲವು ದಿನಗಳ ನಂತರ ಬರೀ ಸದ್ದಿಗೇ ಜೊಲ್ಲು ಬರುತ್ತದೆ. ಸದ್ದಿನಲ್ಲಿ ಊಟ ಇಲ್ಲ. ನಂಟು ಹೊರಗಿನಿಂದ ಕಟ್ಟಿದ್ದು. ಹಾಗೆಯೇ ಮೂರು ವರ್ಷದ ಮಗು ನಮ್ಮ ಮಗುವಿನ ಕೈ ಹಿಡಿಯಲು ಬಂದಾಗ ಅದರ ತಾಯಿ ಗದರಿ ಹಿಂದಕ್ಕೆ ಎಳೆಯುತ್ತಾಳೆ. ಗದರಿಕೆಯ ಹೆದರಿಕೆ ನಮ್ಮ ಮುಖದ ಜೊತೆ ನಂಟಾಗುತ್ತದೆ. ಹತ್ತು ಸಲ ಎಳೆದ ಮೇಲೆ ಎಳೆಯುವವರು ಬೇಕಿಲ್ಲ, ಮಗು ತಾನೇ ಹಿಂದೆ ಸರಿಯುತ್ತದೆ. ದೊಡ್ಡದಾದ ಮೇಲೆ ಅದನ್ನು "ಸಂಸ್ಕಾರ" ಎಂದು ಕರೆಯುತ್ತದೆ.

ಜಾತಿ ಇರುವುದು ಮನಸ್ಸಿನಲ್ಲಿ, ಆದ್ದರಿಂದ ಅದನ್ನು ನಾಶ ಮಾಡುವುದೆಂದರೆ ಆ ಮನಸ್ಸನ್ನೇ ಬದಲಿಸುವುದು ಎಂದು ಬಾಬಾಸಾಹೇಬರು 1936ರಲ್ಲಿ ಜಾತಿ ವಿನಾಶದ ಕೃತಿಯಲ್ಲಿ ವಾದಿಸಿದರು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಕಾನೂನು ಕೈಯನ್ನು ಹಿಡಿಯುತ್ತದೆ, ಅದು ಬೇಕೇ ಬೇಕು. ಕೈಯ ಹಿಂದೆ ಇರುವ ಅಭ್ಯಾಸವನ್ನು ಬಿಡಿಸುವುದು ಧಮ್ಮದ ಕೆಲಸ.

ಇಲ್ಲಿ ಒಂದು ಪದವನ್ನು ಗಮನಿಸಿ. ಪಾಳಿಯ ಫಸ್ಸ ಎಂದರೆ ಸ್ಪರ್ಶ. ಕಣ್ಣು, ಕಿವಿ, ಮೂಗು, ನಾಲಿಗೆ, ಮೈ, ಮನಸ್ಸು ಈ ಆರೂ ಬಾಗಿಲಲ್ಲಿ ಸ್ಪರ್ಶದಿಂದಲೇ ಅನುಭವ ಹುಟ್ಟುತ್ತದೆ ಎಂದು ಬುದ್ಧರು ತಿಳಿಸಿದರು. ಅಸ್ಪೃಶ್ಯ ಎಂಬ ಪದವೂ ಅದೇ ಸ್ಪರ್ಶದಿಂದ ಬಂದದ್ದು. ಬುದ್ಧರು ಎಲ್ಲ ಜೀವಿಗಳ ಅನುಭವಕ್ಕೂ ತಾಯಿಬೇರು ಎಂದು ಗುರುತಿಸಿದ್ದನ್ನೇ ಜಾತಿ ವ್ಯವಸ್ಥೆ ನಮ್ಮಿಂದ ಕಿತ್ತುಕೊಂಡಿತು.

ಅದು ಎಷ್ಟು ದೊಡ್ಡ ಕಳ್ಳತನ ಎಂದು ವಿಜ್ಞಾನವೂ ಹೇಳುತ್ತದೆ. ಪೆಟ್ಟಾದ ಜಾಗವನ್ನು ಉಜ್ಜಿದರೆ ನೋವು ಕಡಿಮೆಯಾಗುವುದು ಏಕೆ ಎಂದು 1965ರಲ್ಲಿ ಮೆಲ್ಜ್ಯಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು ವಿವರಿಸಿದರು. ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ಒಂದು ಗೇಟಿನಂಥ ವ್ಯವಸ್ಥೆ ಇದೆ, ಸ್ಪರ್ಶದ ಸುದ್ದಿ ಬಂದರೆ ಅದು ಅರ್ಧ ಮುಚ್ಚುತ್ತದೆ ಎಂದರು. ಅಷ್ಟೇ ಅಲ್ಲ, ನಿಧಾನವಾಗಿ, ಮೃದುವಾಗಿ ಸವರಿದಾಗ ಮಾತ್ರ ಚೆನ್ನಾಗಿ ಎಚ್ಚರಗೊಳ್ಳುವ ನರದ ಎಳೆಗಳು ನಮ್ಮ ಚರ್ಮದಲ್ಲಿವೆ. ತಾಯಿ ಮಗುವಿನ ತಲೆ ನೇವರಿಸುವ ವೇಗಕ್ಕೆ ಅವು ಓಗೊಡುತ್ತವೆ. ಮನುಷ್ಯ ಮನುಷ್ಯನನ್ನು ಪ್ರೀತಿಯಿಂದ ಮುಟ್ಟಲಿ ಎಂದು ಮೈಯಲ್ಲೇ ನರಗಳಿವೆ. ಮುಟ್ಟಬೇಡ ಎನ್ನಲು ಒಂದೂ ಇಲ್ಲ.

*5. ಗೋಡೆಗೆ ಅಂಟಿ ನಿಂತ ಸುನೀತ*

ಕಲಿತ ರಿಫ್ಲೆಕ್ಸ್ ಅವರ ಕೈಯಲ್ಲಿ ಮಾತ್ರ ಇಲ್ಲ, ನಮ್ಮ ಮೈಯಲ್ಲೂ ಇದೆ. ಯಜಮಾನರ ಚಪ್ಪಲಿ ಸದ್ದು ಕೇಳಿದರೆ ನಮ್ಮ ತಾತಂದಿರ ಹೆಗಲ ಮೇಲಿನ ಟವಲ್ಲು ಕಂಕುಳಿಗೆ ಇಳಿಯುತ್ತಿತ್ತು. ಕಾಲಿನ ಚಪ್ಪಲಿ ಕೈಗೆ ಬರುತ್ತಿತ್ತು. ಬೆನ್ನು ಬಾಗುತ್ತಿತ್ತು. ಇದಕ್ಕೆ ನಾಚಿಕೆ ಪಡಬೇಕಾಗಿಲ್ಲ. ಬಾಗದಿದ್ದರೆ ಪೆಟ್ಟು ಬೀಳುತ್ತಿದ್ದದ್ದು ನಿಜ. ಬದುಕಿ ಉಳಿಯಲು ಮೈ ಕಲಿತ ಪಾಠ ಅದು. ಅವರು ಬಾಗಿ ಬದುಕಿದ್ದರಿಂದಲೇ ನಾವು ಇಲ್ಲಿದ್ದೇವೆ. ಆದರೆ ಕಾಲ ಬದಲಾದ ಮೇಲೂ, ಓದಿ ನೌಕರಿ ಹಿಡಿದ ಮೇಲೂ, ಕಚೇರಿಯಲ್ಲಿ ಕುರ್ಚಿ ಖಾಲಿ ಇದ್ದರೂ ಗೋಡೆ ಪಕ್ಕ ನಿಲ್ಲುವ ಕಾಲು, ಹೆಸರಿನ ಮುಂದೆ ಊರು ಕೇಳಿದರೆ ಒಣಗುವ ಗಂಟಲು, ಇವು ಹಳೆಯ ಸದ್ದಿಗೆ ಇನ್ನೂ ಉತ್ತರ ಕೊಡುತ್ತಿವೆ.

ಸುನೀತನ ಕತೆ ನಮಗೆಲ್ಲ ಗೊತ್ತು. ಬಾಬಾಸಾಹೇಬರು ತಮ್ಮ ಬುದ್ಧ ಮತ್ತು ಆತನ ಧಮ್ಮ ಕೃತಿಯಲ್ಲಿ ಅದನ್ನು ಹೇಳಿದ್ದಾರೆ. ಸುನೀತ ರಾಜಗೃಹದ ಬೀದಿ ಗುಡಿಸುವವನು. ಭಗವಾನರು ಭಿಕ್ಖುಗಳ ಜೊತೆ ಎದುರಿಗೆ ಬರುವುದನ್ನು ಕಂಡ. ಓಡಿ ಅವಿತುಕೊಳ್ಳಲು ಜಾಗ ಹುಡುಕಿದ. ಸಿಗಲಿಲ್ಲ. ಹೊರೆಯನ್ನು ಬದಿಗೆ ಇಟ್ಟು, ಗೋಡೆಗೆ ಅಂಟಿಕೊಂಡವನಂತೆ ಕೈ ಮುಗಿದು ನಿಂತ. ಇದೇ ಆ ರಿಫ್ಲೆಕ್ಸ್. ಯಾರೂ ಅವನಿಗೆ ಆ ಕ್ಷಣದಲ್ಲಿ "ಸರಿ" ಎಂದು ಹೇಳಿರಲಿಲ್ಲ, ಮೈ ತಾನೇ ಸರಿಯಿತು.

ಬುದ್ಧರು ಏನು ಮಾಡಿದರು? ದೂರದಿಂದ ಆಶೀರ್ವಾದ ಮಾಡಿ ಮುಂದೆ ಹೋಗಲಿಲ್ಲ. ಹತ್ತಿರ ಬಂದರು. ಮೃದುವಾದ ದನಿಯಲ್ಲಿ ಮಾತಾಡಿಸಿದರು. ಈ ಬದುಕು ಬಿಟ್ಟು ಬರುತ್ತೀಯಾ ಎಂದು ಕೇಳಿದರು. ಸಂಘಕ್ಕೆ ಸೇರಿಸಿಕೊಂಡರು. ಹೆದರಿಕೆ ಕಾದಿದ್ದ ಜಾಗದಲ್ಲಿ ಹೆದರಿಕೆ ಬರಲಿಲ್ಲ, ಗೌರವ ಬಂತು. ಕಲಿತ ರಿಫ್ಲೆಕ್ಸ್ ಬಿಡುವುದು ಹೀಗೆಯೇ ಎಂದು ಪಾವ್ಲೋವ್ ಕೂಡ ಕಂಡರು. ಸದ್ದು ಕೇಳಿಸಿ ಊಟ ಕೊಡದೆ ಹೋದರೆ ನಾಯಿಯ ಜೊಲ್ಲು ದಿನದಿಂದ ದಿನಕ್ಕೆ ಕಡಿಮೆಯಾಗಿ ನಿಂತುಹೋಗುತ್ತದೆ. ಆದರೆ ಅವರು ಇನ್ನೊಂದನ್ನೂ ಕಂಡರು. ನಿಂತುಹೋದದ್ದು ಕೆಲವು ಕಾಲದ ನಂತರ ಮತ್ತೆ ತಲೆ ಎತ್ತಬಹುದು. ಹಳೆಯ ಪಾಠ ಅಳಿಸಿಹೋಗುವುದಿಲ್ಲ, ಅದರ ಮೇಲೆ ಹೊಸ ಪಾಠ ಕೂರುತ್ತದೆ. ಆದ್ದರಿಂದ ಒಂದು ದಿನದ ದೀಕ್ಷೆಯಿಂದ ಕೆಲಸ ಮುಗಿಯುವುದಿಲ್ಲ. ದಿನವೂ ಅಭ್ಯಾಸ ಬೇಕು, ಜೊತೆಗೆ ನಿಲ್ಲುವ ಸಂಘ ಬೇಕು.

ಹಾಗೆಯೇ ನಮ್ಮೊಳಗೂ ಒಮ್ಮೆ ನೋಡಿಕೊಳ್ಳಬೇಕು. ಪೌರಕಾರ್ಮಿಕರ ಮನೆಯಲ್ಲಿ ನೀರು ಕುಡಿಯುವಾಗ ನಮ್ಮ ಕೈ ಒಂದು ಕ್ಷಣ ತಡೆಯುತ್ತದೆಯೇ? ಬಲಗೈ, ಎಡಗೈ ಎಂಬ ಮಾತು ಬಂದಾಗ ಮುಖ ಬಿಗಿಯುತ್ತದೆಯೇ? ಮೈಯಲ್ಲಿ ಬಲಗೈಗೂ ಎಡಗೈಗೂ ಬೆನ್ನುಹುರಿ ಒಂದೇ. ನಮ್ಮನ್ನು ಕುಗ್ಗಿಸಿದ ರಿಫ್ಲೆಕ್ಸನ್ನು ನಾವು ಇನ್ನೊಬ್ಬರ ಮೇಲೆ ದಾಟಿಸಿದರೆ ಮನುಸ್ಮೃತಿ ಗೆದ್ದಂತೆ.

*6. ಮರಗಟ್ಟುವುದು ಉಪೇಕ್ಖೆಯಲ್ಲ*

ಈಗ ಎರಡನೇ ಪ್ರಶ್ನೆ. ಅವಮಾನವಾದಾಗ ಸುಮ್ಮನೆ ವೇದನೆಯನ್ನು ನೋಡುತ್ತಾ ಕೂರಬೇಕೇ?

ಬಾಬಾಸಾಹೇಬರಿಗೆ ಸಕ್ಕರೆ ಕಾಯಿಲೆ ಇತ್ತು. ಸಂವಿಧಾನದ ಕರಡು ಸಿದ್ಧವಾಗುತ್ತಿದ್ದ ದಿನಗಳಲ್ಲಿ ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲ. ಕಾಲಿನ ನರಗಳ ನೋವು ಕಾಡುತ್ತಿತ್ತು. ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರು. ಚಿಕಿತ್ಸೆಗೆಂದು ಮುಂಬೈಗೆ ಹೋದಾಗ ಪರಿಚಯವಾದವರು ಡಾ. ಶಾರದಾ ಕಬೀರ್. 1948ರ ಏಪ್ರಿಲ್ 15ರಂದು ಅವರನ್ನು ಮದುವೆಯಾದರು. ಮುಂದೆ ಸವಿತಾ ಅಂಬೇಡ್ಕರ್ ಆಗಿ ಅವರ ಆರೈಕೆ ಮಾಡಿದವರು ಅವರೇ. ಆ ನೋವಿನ ಮೈಯಲ್ಲೇ ಬಾಬಾಸಾಹೇಬರು ಸಂವಿಧಾನದ ಕೆಲಸ ಮುಗಿಸಿದರು, 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆ ಪಡೆದು ಲಕ್ಷಾಂತರ ಜನರಿಗೆ ದೀಕ್ಷೆ ಕೊಟ್ಟರು, ಅದೇ ವರ್ಷದ ಡಿಸೆಂಬರ್ 6ರಂದು ಪರಿನಿಬ್ಬಾಣ ಹೊಂದುವವರೆಗೂ ಬರೆದರು.

ಸಕ್ಕರೆ ಕಾಯಿಲೆ ನರಗಳನ್ನು ಎರಡು ರೀತಿ ಕೆಡಿಸುತ್ತದೆ. ಕೆಲವರಿಗೆ ಏನೂ ತಾಗದೆ ಕಾಲು ಉರಿಯುತ್ತದೆ. ಕೆಲವರಿಗೆ ಕಾಲು ಮರಗಟ್ಟಿ ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ. ಎರಡನೆಯದು ನೆಮ್ಮದಿ ಎನಿಸಬಹುದು, ಆದರೆ ಹೆಚ್ಚು ಅಪಾಯ ಅದರಲ್ಲೇ ಇದೆ. ಗಾಯ ಗೊತ್ತಾಗದೆ ಕೀವಾಗಿ ಕಾಲನ್ನೇ ಕಳೆದುಕೊಂಡವರಿದ್ದಾರೆ. ನಮ್ಮಲ್ಲಿ ಸಕ್ಕರೆ ಕಾಯಿಲೆ ಇರುವ ಅಣ್ಣಂದಿರು, ಅಮ್ಮಂದಿರು ದಿನಾ ಮಲಗುವ ಮುಂಚೆ ಅಂಗಾಲು ನೋಡಿಕೊಳ್ಳಿ. ಬರಿಗಾಲಲ್ಲಿ ಓಡಾಡಬೇಡಿ. ಸ್ನಾನದ ನೀರಿನ ಬಿಸಿಯನ್ನು ಕಾಲಿನಿಂದ ನೋಡದೆ ಮೊಣಕೈಯಿಂದ ನೋಡಿ.

ಇದರಲ್ಲೇ ಧಮ್ಮದ ಉತ್ತರವೂ ಇದೆ. ಉಪೇಕ್ಖೆ ಎಂದರೆ ಮರಗಟ್ಟುವುದಲ್ಲ. ಮುಳ್ಳು ಚುಚ್ಚಿದ್ದು ತಿಳಿಯಬೇಕು, ಆಗಲೇ ಅದನ್ನು ಕೀಳಲು ಆಗುತ್ತದೆ. ಸಂಯುತ್ತ ನಿಕಾಯದಲ್ಲಿ ಎರಡು ಬಾಣದ ಉಪಮೆ ಬರುತ್ತದೆ. ಒಂದು ಬಾಣ ಮೈಗೆ ತಾಗುತ್ತದೆ. ಅರಿವಿಲ್ಲದವನು ಅಳುತ್ತಾ, ಹಲುಬುತ್ತಾ ಎರಡನೇ ಬಾಣವನ್ನು ಮನಸ್ಸಿಗೆ ತಾಗಿಸಿಕೊಳ್ಳುತ್ತಾನೆ. ಅರಿವುಳ್ಳವನಿಗೂ ಮೊದಲ ಬಾಣ ತಾಗುತ್ತದೆ, ಎರಡನೆಯದು ತಾಗುವುದಿಲ್ಲ.

ಅವಮಾನ ಮೊದಲ ಬಾಣ. ಅದು ನಿಜ, ಅದನ್ನು ಬಿಟ್ಟವರು ಬೇರೆಯವರು, ನಮ್ಮ ಕರ್ಮವಲ್ಲ. "ನಾನು ಕೀಳೇ ಇರಬೇಕು" ಎಂಬ ಕುಗ್ಗು ಎರಡನೇ ಬಾಣ. ರಾತ್ರಿಯೆಲ್ಲ ನಿದ್ದೆಗೆಟ್ಟು ದ್ವೇಷ ಕುದಿಸುವುದೂ ಎರಡನೇ ಬಾಣ. ಉಸಿರನ್ನು ನೋಡಿ, ಉರಿಯನ್ನು ನೋಡಿ ಎರಡನೇ ಬಾಣವನ್ನು ತಡೆಯುವುದು 'ಸುಮ್ಮನೆ ಕೂರುವುದು' ಅಲ್ಲ. ಎರಡನೇ ಬಾಣ ಇಲ್ಲದವನ ಕೈ ನಡುಗುವುದಿಲ್ಲ. ಅವನು ನೆಟ್ಟಗೆ ಕೂತು ದೂರು ಬರೆಯಬಲ್ಲ, ಸಾಕ್ಷಿ ಹೇಳಬಲ್ಲ, ನಾಲ್ಕು ಜನರನ್ನು ಸೇರಿಸಬಲ್ಲ, ಹೋಟೆಲಿನಲ್ಲಿ ಅದೇ ಲೋಟ ಕೇಳಬಲ್ಲ. ಮೊದಲ ಬಾಣ ಬಿಡುವ ಬಿಲ್ಲನ್ನು ಮುರಿಯಲು ಶಾಂತವಾದ ಕೈ ಬೇಕು.

*7. ಇಂದಿನ ಅಭ್ಯಾಸ*

1) ಬೆಳಿಗ್ಗೆ ಹತ್ತು ನಿಮಿಷ ಆನಾಪಾನ. ಉಸಿರು ತಾನಾಗಿ ನಡೆಯುವುದನ್ನು ನೋಡಿ, ಬದಲಿಸಬೇಡಿ.

2) ಹಗಲಿನಲ್ಲಿ ಮೈ ತಾನಾಗಿ ಹಿಂದೆ ಸರಿದ, ಬಿಗಿಯಾದ, ಬಾಗಿದ ಒಂದು ಗಳಿಗೆಯನ್ನು ಗುರುತಿಸಿ. ಇದು ಬೆನ್ನುಹುರಿಯ ಕೆಲಸವೇ, ಊರು ಕಲಿಸಿದ ಪಾಠವೇ ಎಂದು ಕೇಳಿಕೊಳ್ಳಿ. ಊರು ಕಲಿಸಿದ್ದಾದರೆ ಮೂರು ಉಸಿರು ನಿಂತು, ಬೆನ್ನು ನೆಟ್ಟಗೆ ಮಾಡಿ, ಆಮೇಲೆ ಮಾತಾಡಿ.

3) ಖಾಲಿ ಕುರ್ಚಿ ಇದ್ದಲ್ಲಿ ಕುಳಿತುಕೊಳ್ಳಿ.

4) ಮಕ್ಕಳನ್ನು ಯಾರ ಹತ್ತಿರದಿಂದಲೂ ಜಾತಿ ಹೆಸರಿನಲ್ಲಿ ಎಳೆಯಬೇಡಿ. ಕಾಯಿಲೆಯವರ, ವಯಸ್ಸಾದವರ ಕೈಯನ್ನು ಇವತ್ತು ಒಮ್ಮೆ ಹಿಡಿದುಕೊಳ್ಳಿ.

ಭಾನುವಾರದ ಓದಿಗೆ ಪ್ರಶ್ನೆ: ಫಸ್ಸ, ವೇದನಾ, ತಣ್ಹಾ ಈ ಮೂರು ಕೊಂಡಿಗಳಲ್ಲಿ ನಾವು ಬಿಡಿಸಬಹುದಾದದ್ದು ಯಾವುದು? ನಿಮ್ಮ ದಿನದ ಒಂದು ಉದಾಹರಣೆಯೊಂದಿಗೆ ಬನ್ನಿ. ಬರೆಯಲು ಬಾರದ ಹಿರಿಯರು ಮನೆಯ ಮಕ್ಕಳಿಗೆ ಹೇಳಿ ಬರೆಸಿ.

ಎಲ್ಲ ಜೀವಿಗಳಿಗೂ ಮಂಗಳವಾಗಲಿ.
ಸಾಧು, ಸಾಧು, ಸಾಧು.
ಜೈ ಭೀಮ್. ನಮೋ ಬುದ್ಧಾಯ.

(ಓದಿದ ಮೇಲೆ ಇನ್ನೊಬ್ಬ ಬಂಧುವಿಗೆ ಕಳಿಸಿ. ಫೋನಿಲ್ಲದ ಮನೆಯವರಿಗೆ ಓದಿ ಹೇಳಿ.)